ಕಡವಿನ ದಕ್ಕೆಯೂ ನನ್ನ ತಲೆಬಿಸಿಯೂ

ಹೊಸತು ಕಟ್ಟುವವನಿಗೆ ಒಬ್ಬನೇ ಯಜಮಾನ; ಹಳೆಯದನ್ನು ರಿಪೇರಿ ಮಾಡುವವನಿಗೆ ಊರಿಡೀ ಯಜಮಾನರು. ನಾನು ಓವರ್ಸೀಯರ್ ಆಗಿದ್ದಷ್ಟು ಕಾಲವೂ ಇಂಥದ್ದೇ ಗಂಟುಬೀಳುತ್ತಿತ್ತು.

ಐವತ್ತರ ದಶಕದ ಕೊನೆಗೆ ಇಚಿಲಂಪಾಡಿಯ ಹತ್ತಿರ ಒಂದು ಕಡವಿತ್ತು. ಸೇತುವೆಯಿಲ್ಲದ ಹೊಳೆ, ದೋಣಿ ಹತ್ತಿ ಇಳಿಯಲು ಹಳೇ ಕಾಲದ ಮರದ ದಕ್ಕೆ. ಅದೊಂದು ಬಿಟ್ಟರೆ ದಡವೆಲ್ಲ ಹೂತುಹೋಗುವ ಕೆಸರು. "ಮಳೆಗೆ ಮೊದಲು ಗಟ್ಟಿಯಾದರೆ ಇರಲಿ, ಇಲ್ಲದಿದ್ದರೆ ಕಿತ್ತುಬಿಡಿ, ಜನ ಕೆಳಗಿನ ಕಡವಿಗೆ ಹೋಗಲಿ" ಎಂದು ನಮ್ಮ ಇಂಜಿನಿಯರರು ಅಪ್ಪಣೆ ಮಾಡಿದ್ದರು. ಕೆಳಗಿನ ಕಡವಿಗೆ ಅರ್ಧ ದಿನ ಬೇಕು. ಹೆರಿಗೆಗೆ ಹೊರಟವಳು ದಾರಿಯಲ್ಲೇ ಹೆತ್ತಾಳು. ನನಗೋ ನೀರಿಗೆ ಸುಲಭಕ್ಕೆ ಜಗ್ಗದ ಆ ಕಿರಾಲುಬೋಗಿ ಮರದ ಕಂಬಗಳ ಮೇಲೆ ಮೋಹ. ಹೇಗಾದರೂ ಉಳಿಸಲೇಬೇಕೆಂದು ಹೊರಟೆ.

ಹಪ್ಪಳ

ಹೋಗಿ ನೋಡಿದರೆ ದಕ್ಕೆಯೇ ಕಾಣಲಿಲ್ಲ. ಉದ್ದಕ್ಕೂ ಚಾಪೆ, ಚಾಪೆಯ ತುಂಬ ಹಲಸಿನ ಹಪ್ಪಳ, ಕಾಗೆ ಓಡಿಸಲು ಕೋಲು ಹಿಡಿದ ಒಬ್ಬರು ಅಜ್ಜಿ.

"ಅಮ್ಮಾ, ಹಲಗೆ ನೋಡ್ಬೇಕಿತ್ತು."

"ಮೆಟ್ಬೇಡಿ! ಇನ್ನೂ ಹಸಿ ಉಂಟು. ನಾಳೆ ಬನ್ನಿ."

ಮರುದಿನ ಹೋದೆ. ಹೊಸ ಹಪ್ಪಳ. ಅದರ ಮರುದಿನವೂ ಅದೇ ಕತೆ. ನನಗೆ ಪಿತ್ತ ನೆತ್ತಿಗೇರಿತು.

"ಅಲ್ಲಮ್ಮಾ, ಹೀಗೇ ಆಗಿ ಮಳೆ ಬಂದ್ರೆ ಎಂತ ಮಾಡುದು?"

"ಮಳೆ ಬಂದ್ರೆ ಹಪ್ಪಳ ನಾನು ತೆಗಿತೇನೆ. ಅದಕ್ಕೆ ನೀವು ಯಾಕೆ ತಲೆಬಿಸಿ ಮಾಡುದು?" ಎಂದರು ಅಜ್ಜಿ.

ಅಜ್ಜಂದಿರ ಕಂಬ

ಹಪ್ಪಳ ಮುಗಿದ ಮೇಲೆ ನೋಡಿದರೆ ಒಂದು ಕಂಬ ಬುಡದಲ್ಲಿ ಕೊಳೆತು ಕುಂಬಾಗಿತ್ತು.

"ಈ ಕಂಬ ಎಲ್ಲ ನಮ್ಮ ಅಜ್ಜ ಕೊಟ್ಟದ್ದು" ಎಂದರು ಆಚೆ ಮನೆಯ ಗೌಡರು.

"ಎಂತ ಹೇಳುದು ಗೌಡ್ರೆ? ನಮ್ಮ ಅಜ್ಜ ಗಾಡಿಯಲ್ಲಿ ತರಿಸಿದ್ದು" ಎಂದರು ಅಂಗಡಿಯ ಬ್ಯಾರಿಗಳು.

ಶುರುವಾಯಿತು ನೋಡಿ. ನನ್ನ ಊಟದ ಹೊತ್ತು ಮೀರಿತು, ಅಜ್ಜಂದಿರ ಗುಣಗಾನ ಮುಗಿಯಲಿಲ್ಲ.

"ಇಬ್ಬರ ಅಜ್ಜಂದಿರೂ ದೊಡ್ಡವರೇ ಮಾರಾಯ್ರೆ. ಈಗ ಒಂದು ಕಂಬ ಬೇಕು. ಯಾರು ಕೊಡ್ತೀರಿ?"

ಆಗ ಮೊದಲ ಬಾರಿಗೆ ಇಬ್ಬರೂ ಒಂದಾದರು.

"ಕೊಡುವಂಥ ಅಜ್ಜಂದಿರು ಈಗ ಎಲ್ಲಿದ್ದಾರೆ ಓವರ್ಸೀಯರ್ರೆ!"

ಹೊಗೆ ಅಟ್ಟ

ಕಂಬವನ್ನು ಸವಣೂರಿನಿಂದ ತರಿಸಿ ನೆಡಿಸಿದೆ. ಹಲಗೆಗಳನ್ನೆಲ್ಲ ಬಿಚ್ಚಿ, ಕೆರೆದು, ತೊಳೆದು ದಡದಲ್ಲಿ ಪೇರಿಸಿದೆವು. ಇಂಜಿನಿಯರರು ಮರುದಿನ ನೋಡಲು ಬರುವವರು. ಬೆಳಿಗ್ಗೆ ಜೋಡಿಸಿದರಾಯಿತೆಂದು ಹೋಗಿ ಮಲಗಿದೆ. ಬೆಳಿಗ್ಗೆ ಬಂದು ನೋಡಿದರೆ ಬರೀ ಕಂಬ. ಒಂದು ಹಲಗೆಯೂ ಇಲ್ಲ!

"ಕಳ್ಳರು!" ಎಂದು ಕಿರುಚಿದೆ.

"ಕಳ್ಳರಲ್ಲ ಮಾರಾಯ್ರೆ" ಎಂದ ದೋಣಿಯವ. "ನಿನ್ನೆ ಮೋಡ ಕಟ್ಟಿತಲ್ಲ, ಒಳ್ಳೆ ಮರ ಹಾಳಾಗ್ಬಾರ್ದು ಅಂತ ಒಂದೊಂದು ಮನೆಯವರು ಕೊಂಡೋಗಿ ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದಾರೆ. ಹೊಗೆ ಹಿಡಿದ್ರೆ ಹುಳ ಬರುದಿಲ್ಲ."

"ಎಷ್ಟು ಸಮಯ ಇಡುದು?"

"ಹೆಚ್ಚೇನಿಲ್ಲ. ಒಂದು ಮಳೆಗಾಲ."

ಅವನು ಇಂಜಿನಿಯರರನ್ನು ಕರೆತರಲು ಆಚೆ ದಡಕ್ಕೆ ಹೋದ. ನಾನು ಮನೆಮನೆಗೆ ಓಡಿ ಗೋಗರೆದೆ. ಜನ ಹಲಗೆ ಹೊತ್ತು ಬರುವಾಗ ದೋಣಿ ಕಂಬದ ಬುಡಕ್ಕೆ ಬಂದಾಗಿತ್ತು, ಮಳೆಯೂ ಹೊಯ್ಯತೊಡಗಿತ್ತು. ಇಷ್ಟಾದರೂ ಒಂದು ಹಲಗೆಯೂ ಕಂಬದ ಮೇಲೇರಲಿಲ್ಲ. ಸಾಹೇಬರು ಮೊದಲು ಕಾಲಿಡುವುದು ನಮ್ಮ ಅಟ್ಟದ ಹಲಗೆಯ ಮೇಲೆಯೇ ಆಗಬೇಕೆಂದು ಪ್ರತಿ ಮನೆಯವರದೂ ಹಟ. ನಾನು ತಲೆ ಚಚ್ಚಿಕೊಂಡೆ.

ಸಿಟ್ಟಿಗೆದ್ದ ಇಂಜಿನಿಯರರು ಕೆಸರಿಗೇ ಕಾಲಿಟ್ಟರು. ಮೊಣಕಾಲಿನವರೆಗೆ ಹೂತಿತು. ಎಳೆದರೆ ಕಾಲು ಬಂತು, ಬೂಟು ಬರಲಿಲ್ಲ. ದಕ್ಕೆಯ ಕತೆ ಮುಗಿಯಿತು, ಜೊತೆಗೆ ನನ್ನದೂ ಎಂದುಕೊಂಡೆ.

ಆಗ ದೋಣಿಯವ ವಿನಯದಿಂದ ಕೇಳಿದ: "ಸ್ವಾಮಿ, ಇಲ್ಲಿ ದಕ್ಕೆ ಬೇಡ ಅಂತಾದ್ರೆ ಈಗಲೇ ಹೇಳಿ. ನಿಮ್ಮನ್ನು ಕೆಳಗಿನ ಕಡವಿಗೆ ಕೊಂಡೋಗ್ತೇನೆ. ಸಂಜೆಯೊಳಗೆ ಮುಟ್ಟುವ."

"ಬೇಕಯ್ಯಾ, ಬೇಕು!" ಎಂದು ಸಾಹೇಬರು ಮಳೆಯಲ್ಲೇ ಬೊಬ್ಬೆ ಹೊಡೆದರು. "ದಕ್ಕೆ ಇಲ್ಲೇ ಇರಲಿ! ಮೊದಲು ಯಾವುದಾದರೂ ಒಂದು ಹಲಗೆ ಹಾಕಿ!"

ದಡದಿಂದ ಎಲ್ಲರೂ ಒಟ್ಟಿಗೇ ಕೇಳಿದರು: "ಯಾರ ಮನೆಯದ್ದು ಸ್ವಾಮಿ?"