ಗುತ್ತೂರಿನಿಂದ ಇಂಗ್ಲೆಂಡಿಗೆ, ವಯಾ ಅಜ್ಜಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದ್ದು ಸರಿ. ಮಕ್ಕಳನ್ನು ಫಾರಿನ್ನಿಗೆ ಓದಲು ಕಳಿಸಿ ನೋಡು ಅಂತ ಸೇರಿಸುವುದನ್ನು ಮಾತ್ರ ಮರೆತರು. ಅವರ ಆ ಮರೆವಿನ ಮೇಲೆಯೇ ನನ್ನ ಹೊಟ್ಟೆಪಾಡು ನಡೆಯುತ್ತಿದೆ.

ದಾವಣಗೆರೆಯ ಸರಸ್ವತಿ ನಗರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಕಚೇರಿ. ಹೊರದೇಶದ ಯೂನಿವರ್ಸಿಟಿಗೆ ಅರ್ಜಿ ಹಾಕಿಸುವುದು, ಬ್ಯಾಂಕಿನ ಸಾಲಕ್ಕೆ ಓಡಾಡಿಸುವುದು, ವೀಸಾ ಬರುವವರೆಗೂ ಧೈರ್ಯ ಹೇಳುವುದು, ಇಷ್ಟು ನನ್ನ ಉದ್ಯೋಗ. ಜನ ಇದನ್ನು ಕಾಗದಪತ್ರದ ಕೆಲಸ ಅಂದುಕೊಂಡಿದ್ದಾರೆ. ಕಾಗದಪತ್ರದ್ದು ಕಾಲು ಭಾಗ. ಉಳಿದ ಮುಕ್ಕಾಲು ಮನೆಮಂದಿಯನ್ನು ಸಂಭಾಳಿಸುವ ಕೆಲಸ. ಒಂದಲ್ಲ ಒಂದು ತಮಾಷೆ ಆಗದೆ ನನ್ನ ಕಚೇರಿಯಿಂದ ಇವತ್ತಿನವರೆಗೆ ಯಾರೂ ವಿಮಾನ ಹತ್ತಿಲ್ಲ.

ಎಲ್ಲರದನ್ನೂ ಹೇಳುತ್ತಾ ಕೂತರೆ ಮುಗಿಯುವುದಿಲ್ಲ. ಹರಿಹರದ ಪಕ್ಕದ ಗುತ್ತೂರಿನ ಒಂದು ಮನೆಯದನ್ನಷ್ಟೇ ಹೇಳುತ್ತೇನೆ. ಅಪ್ಪನಿಗೆ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಕೆಲಸ, ಜೊತೆಗೆ ಒಂದಿಷ್ಟು ಗದ್ದೆ. ಮಗಳು ಇಂಜಿನಿಯರಿಂಗ್ ಮುಗಿಸಿ, ಆಹಾರ ಸಂಸ್ಕರಣೆಯ ವಿಷಯದಲ್ಲಿ ಮುಂದೆ ಓದಬೇಕೆಂದು ಇಂಗ್ಲೆಂಡಿನ ಒಂದು ಯೂನಿವರ್ಸಿಟಿಗೆ ಅರ್ಜಿ ಹಾಕಿದ್ದಳು. ಹಿಂದಿನ ವರ್ಷವೂ ಅವಳಿಗೆ ಸೀಟು ಸಿಕ್ಕಿತ್ತು, ದುಡ್ಡು ಹೊಂದದೆ ಕೈಬಿಟ್ಟು ಹೋಗಿತ್ತು. "ಈ ಸಲನೂ ತಪ್ಪಿದ್ರೆ ಇನ್ನು ಇದರ ಹೆಸರೇ ಎತ್ತಲ್ಲ ಮೇಡಂ" ಅಂದಿದ್ದಳು. ಅವಳು ಒಂದು ಸಲ ಅಂದರೆ ಅಂದಂತೆಯೇ, ಅದಕ್ಕೇ ನನಗೆ ಭಯ.

೧. ಬೇಕಾದವರ ಕಾಗದ

ಯೂನಿವರ್ಸಿಟಿಯವರು ಎರಡು ಶಿಫಾರಸು ಪತ್ರ ಕೇಳಿದ್ದರು. ಹುಡುಗಿ ಕಾಲೇಜಿನ ಮೇಷ್ಟ್ರುಗಳ ಹತ್ತಿರ ಬರೆಸಿಕೊಳ್ಳಲಿ ಅಂತ ನಾನು ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಶಿಫಾರಸು ಅನ್ನುವುದು ಕಿವಿಗೆ ಬಿದ್ದ ಮೇಲೆ ಮುಂದಿನ ಮಾತು ಅವರಿಗೆ ಬೇಕಾಗಿರಲಿಲ್ಲ. ಮಗಳಿಗೂ ಹೇಳದೆ ಕೆಲಸಕ್ಕೆ ರಜೆ ಹಾಕಿ ತಿರುಗಿ, ಮೂರನೇ ದಿನ ಇಸ್ತ್ರಿ ಅಂಗಿ ಹಾಕಿಕೊಂಡು, ಮಗಳನ್ನೂ ಕರೆದುಕೊಂಡು ಬಂದು ನನ್ನ ಮುಂದೆ ಕೂತರು.

"ಎರಡು ಕೇಳಿದ್ರಿ, ಮೂರು ತಂದೀನಿ. ಒಂದು ಹೆಚ್ಚಿಗಿರ್ಲಿ" ಅಂದರು.

ಒಂದು ಭತ್ತ ಬೆಳೆಗಾರರ ಸಂಘದ ಅಧ್ಯಕ್ಷರದು. ಇನ್ನೊಂದು ಮಾಜಿ ಪಂಚಾಯ್ತಿ ಸದಸ್ಯರದು. ಮೂರನೆಯದು ಊರ ಕಡೆಯ ದೊಡ್ಡ ಮುಖಂಡರೊಬ್ಬರದು, ಹಸಿರು ಇಂಕಿನ ಸಹಿ ಬೇರೆ. ಒಕ್ಕಣೆ ಮೂರರಲ್ಲೂ ಒಂದೇ. "ಮಾನ್ಯ ಕುಲಪತಿಗಳು, ಇಂಗ್ಲೆಂಡ್. ಈ ಪತ್ರ ತರುತ್ತಿರುವವರು ನನಗೆ ತೀರಾ ಬೇಕಾದವರಾಗಿದ್ದು, ಇವರ ಕೆಲಸವನ್ನು ನಿಯಮಾನುಸಾರ ಕೂಡಲೇ ಮಾಡಿಕೊಡುವುದು."

ಹುಡುಗಿ ತಲೆ ಮೇಲೆ ಕೈಹೊತ್ತು ಕೂತಳು. ಅಪ್ಪ, ಇವರ್‍ಯಾರೂ ನನಗೆ ಪಾಠ ಮಾಡಿಲ್ಲ ಅಂದಳು. ಅಪ್ಪ ನಕ್ಕುಬಿಟ್ಟರು. "ಪಾಠ ಮಾಡಿದವರು ಹೇಳಿದ್ರೆ ಕೆಲಸ ಆಗತೈತೇನವ್ವಾ?"

ನಾನು ಅವರಿಗೆ ಬಿಡಿಸಿ ಹೇಳುತ್ತಿರುವಾಗಲೇ ಅವರ ಫೋನು ಬಡಿದುಕೊಂಡಿತು. ಹಸಿರು ಇಂಕಿನವರೇ. ಕಾಗದ ಸಾಲದಿದ್ದರೆ ಒಂದು ಮಾತು ಹೇಳಿಯೂಬಿಡೋಣ ಅಂತ ಅವರಾಗಿಯೇ ಮಾಡಿದ್ದರು. ಸ್ಪೀಕರಿನಲ್ಲಿ ನನಗೂ ಕೇಳಿಸಿತು.

"ಆ ಯೂನಿವರ್ಸಿಟಿ ಯಾವ ಜಿಲ್ಲೆಗೆ ಬರ್ತೈತೆ ಕೇಳಪ್ಪ. ಅಲ್ಲಿ ನಮ್ಮವರು ಯಾರದಾರ ನೋಡೋಣ."

೨. ಟೇಪು ಹಿಡಿದವರು

ಕೊನೆಗೆ ಮೇಷ್ಟ್ರುಗಳ ಪತ್ರವೇ ಹೋಗಿ, ಸಂದರ್ಶನವೊಂದು ಬಾಕಿ ಇಟ್ಟು ಸೀಟು ಸಿಕ್ಕಿತು. ಫೀಸಿನ ಬಹುಪಾಲಿಗೆ ಬ್ಯಾಂಕ್ ಸಾಲ, ಅದಕ್ಕೆ ಮನೆಯನ್ನೇ ಅಡಮಾನ ಕೊಡುವುದು ಅಂತ ತೀರ್ಮಾನವಾಯಿತು. ಮನೆಯ ಬೆಲೆ ಕಟ್ಟಲು ಬ್ಯಾಂಕಿನ ಕಡೆಯಿಂದ ಒಬ್ಬ ಇಂಜಿನಿಯರ್ ಬರುವವರಿದ್ದರು. ಹುಡುಗಿಯ ತಾಯಿ ಹಿಂದಿನ ದಿನವೇ ಸುಣ್ಣ ಹೊಡೆಸಿ, ಬಾಗಿಲಿಗೆ ಎಣ್ಣೆ ಸವರಿ, ಮನೆಯನ್ನು ಹಬ್ಬಕ್ಕೆ ಸಜ್ಜಾದ ಹಾಗೆ ಇಟ್ಟಿದ್ದರು. ಆದರೆ ಇಂಜಿನಿಯರ್ ಬಂದ ಹೊತ್ತಿಗೆ ಅವರು ಹಿಟ್ಟಿನ ಗಿರಣಿಗೆ ಹೋಗಿದ್ದರು. ಅಪ್ಪ ಕೆಲಸದ ಮೇಲಿದ್ದರು, ಹುಡುಗಿ ಜೆರಾಕ್ಸಿಗೆಂದು ಹರಿಹರಕ್ಕೆ ಹೋಗಿದ್ದಳು. ಮನೆಯಲ್ಲಿದ್ದವಳು ಅಜ್ಜಿ ಒಬ್ಬಳೇ, ಅಪ್ಪನ ತಾಯಿ.

ಟೇಪು ಹಿಡಿದು ಬಂದವರನ್ನು ಅಜ್ಜಿ ತನ್ನ ಆಯುಷ್ಯದಲ್ಲಿ ಬಹಳ ಜನರನ್ನು ನೋಡಿದ್ದಾಳೆ. ಬಂದವರೆಲ್ಲ ಕಂದಾಯ ಏರಿಸಿಯೇ ಹೋದವರು.

"ಬರ್ರಿ, ಕೂಡ್ರಿ. ಹುಷಾರು, ಆ ಕಡೆ ಕೂಡಬ್ಯಾಡ್ರಿ, ಗ್ವಾಡೆ ಬಿದ್ದೀತು" ಅಂತ ಶುರುಮಾಡಿದಳು. ತೊಲೆಗಳಿಗೆಲ್ಲ ಗೆದ್ದಲು ಹಿಡಿದಿದೆ, ಮಳೆ ಬಂದರೆ ಒಳಗೇ ಕೊಡೆ ಹಿಡಿದುಕೊಂಡು ಕೂರುತ್ತೇವೆ, ಹಿತ್ತಲಿನ ಬಾವಿಯಲ್ಲಿ ನೀರು ಕಂಡು ಎಷ್ಟೋ ವರ್ಷವಾಯಿತು ಅಂತ ಮುಂದುವರಿಸಿದಳು. ಸುಣ್ಣ ಯಾಕೆ ಹೊಡೆದಿದ್ದೀರಿ ಅಂತ ಕೇಳಿದರೆ "ಬಿರುಕು ಕಾಣಬಾರ್ದು ಅಂತ್ರಿ" ಅಂದಳು. ಆ ಪುಣ್ಯಾತ್ಮ ಟೇಪು ಬಿಚ್ಚದೆ ಹೊರಟುಹೋದರು.

ಹುಡುಗಿ ಅಳುತ್ತಾ ನನಗೆ ಫೋನ್ ಮಾಡಿದಳು. ನಾನು ಬ್ಯಾಂಕಿಗೆ ಹೋಗಿ ಕೈಕಾಲು ಹಿಡಿದು, ಇನ್ನೊಂದು ಸಲ ಬಂದು ನೋಡುವಂತೆ ಒಪ್ಪಿಸಿದೆ. ಅಲ್ಲಿಂದ ಗುತ್ತೂರಿಗೇ ಹೋಗಿ ಅಜ್ಜಿಗೆ ಪಾಠ ಮಾಡಿದೆ. ಈ ಸಲ ಮನೆಗೆ ಬೆಲೆ ಹೆಚ್ಚಾದಷ್ಟೂ ಮೊಮ್ಮಗಳಿಗೆ ಒಳ್ಳೆಯದು ಅಂದೆ. ಅಜ್ಜಿ, "ಅದನ್ನ ಮೊದ್ಲೇ ಹೇಳಾಕೇನಾಗಿತ್ತು?" ಅಂದಳು.

ಎರಡನೇ ಸಲ ನಾನೂ ಅಲ್ಲಿದ್ದೆ. ಇಂಜಿನಿಯರ್ ಹೊಸಿಲು ದಾಟುವ ಮೊದಲೇ ಅಜ್ಜಿ ಎದ್ದು ನಿಂತಳು. ತೊಲೆಗಳೆಲ್ಲ ಒಳ್ಳೆ ಸಾಗುವಾನಿ, ಗೋಡೆಗೆ ಗುಂಡು ಹೊಡೆದರೂ ಅಲುಗಾಡುವುದಿಲ್ಲ, ಬಾವಿಯ ನೀರು ಕುಡಿದವರಿಗೆ ಮಂಡಿನೋವು ಹತ್ತಿರ ಸುಳಿಯುವುದಿಲ್ಲ ಅಂತ ಬಣ್ಣಿಸಿದಳು. ಇಂಜಿನಿಯರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಅಲ್ಲಜ್ಜಿ, ಹೋದ ವಾರ ಮನೆ ಬೀಳ್ತೈತೆ ಅಂದಿದ್ರಿ?"

"ಹೋದ ವಾರ ನೀವು ಸರ್ಕಾರದೋರು ಅಂತ ತಿಳ್ಕಂಡಿದ್ದೆ ಕಣಪ್ಪಾ."

ಅವರು ನಗುತ್ತಲೇ ಟೇಪು ಬಿಚ್ಚಿದರು. ಮನೆ ಅಜ್ಜಿಯ ಎರಡೂ ಮಾತಿನ ನಡುವೆ ಎಲ್ಲೋ ಇತ್ತು. ಸಾಲ ಮಂಜೂರಾಯಿತು.

೩. ಮಾವನ ರಿಸಲ್ಟು

ಸೀಟು ಖಾಯಂ ಮಾಡುವ ಮೊದಲು ಯೂನಿವರ್ಸಿಟಿಯವರು ವಿಡಿಯೋದಲ್ಲಿ ಸಂದರ್ಶನ ಮಾಡುತ್ತೇವೆ ಅಂದರು. ಗುತ್ತೂರಿನಲ್ಲಿ ನೆಟ್ ನಂಬುವ ಹಾಗಿಲ್ಲವೆಂದು ಹುಡುಗಿ ನನ್ನ ಕಚೇರಿಗೇ ಬಂದಳು. ಜೊತೆಗೆ ಅವಳ ಸೋದರಮಾವ. ದಾವಣಗೆರೆಯಲ್ಲಿ ಅವರದು ಮಂಡಕ್ಕಿ ಭಟ್ಟಿ. ಭಟ್ಟಿಯ ಉಳಿತಾಯದಲ್ಲಿ ಒಂದು ಪಾಲನ್ನು ಹುಡುಗಿಯ ಓದಿಗೆಂದು ಅವಳ ಅಪ್ಪನ ಖಾತೆಗೆ ಹಾಕಿದ್ದರು. ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ಅವರಿಗೊಂದು ಕುರ್ಚಿ ಹಾಕಿ, ಉಸಿರು ಬಿಡಬಾರದು ಅಂತ ಹೇಳಿ ಕೂರಿಸಿದೆ.

ಎಲ್ಲ ಚೆನ್ನಾಗಿಯೇ ನಡೆಯಿತು. ಆ ಕಡೆಯ ಹೆಂಗಸು ನಿಧಾನವಾಗಿ ಕೇಳುತ್ತಿದ್ದರು, ಹುಡುಗಿ ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತಿದ್ದಳು. ನಿನ್ನ ಓದಿನ ಖರ್ಚು ಯಾರು ನೋಡಿಕೊಳ್ಳುತ್ತಾರೆ ಅಂತ ಪ್ರಶ್ನೆ ಬಂತು. "ಮೈ ಫಾದರ್" ಅಂದಳು. ಹಾಗೆ ಹೇಳಬೇಕೆಂದು ನಾನೇ ಹೇಳಿಕೊಟ್ಟಿದ್ದೆ.

ಮಾವನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಫಾದರ್ ಅಂದರೆ ಯಾರು ಅಂತ ಗೊತ್ತು. ಕುರ್ಚಿ ಸರಿದ ಸದ್ದಾಯಿತು. ನೋಡುವಷ್ಟರಲ್ಲಿ ಅವರ ಮೀಸೆ ಪರದೆ ತುಂಬಾ ಬಂದಿತ್ತು.

"ನೋಡ್ರಿ ಅಮ್ಮಾರೆ, ಕಿವಿ ಚುಚ್ಚಿಸುವಾಗ ಈಕಿನ ತೊಡಿ ಮ್ಯಾಲೆ ಕೂಡಿಸ್ಕಂಡಿದ್ದು ನಾನು. ಅವಾಗ ಇವರಪ್ಪ ಹೆದ್ರಿ ಹೊರಗೆ ಹೋಗಿದ್ದ. ಬರೇ ಫಾದರ್ ಅಂದ್ರೆ ಹೆಂಗೆ?"

ಈ ಸಲದ ಸೀಟೂ ಹೋಯಿತು ಅಂದುಕೊಂಡೆ. ಆ ಹೆಂಗಸು ಹುಬ್ಬೇರಿಸಿ, ಇವರು ಯಾರು, ಏನು ಮಾಡುತ್ತಾರೆ ಅಂತ ಕೇಳಿದರು. ಹುಡುಗಿಗೆ ಗಾಬರಿಯಲ್ಲಿ ಬಾಯಿಪಾಠವೆಲ್ಲ ಮರೆತುಹೋಯಿತು. ತನ್ನ ಮಾತಿನಲ್ಲೇ ಹೇಳತೊಡಗಿದಳು. ಬಿಸಿ ಮರಳಿನಲ್ಲಿ ಅಕ್ಕಿ ಹೇಗೆ ಅರಳುತ್ತದೆ, ಭಟ್ಟಿಯ ಹೊಗೆಯಲ್ಲಿ ನಿಂತು ನಿಂತು ಮಾವನಿಗೆ ಕೆಮ್ಮು ಹೇಗೆ ಅಂಟಿಕೊಂಡಿದೆ, ಹೊಗೆಯಿಲ್ಲದೆ ಮಂಡಕ್ಕಿ ಮಾಡುವ ದಾರಿ ಹುಡುಕಬೇಕೆಂದೇ ತಾನು ಈ ಓದನ್ನು ಆರಿಸಿಕೊಂಡದ್ದು, ಎಲ್ಲವನ್ನೂ ಹೇಳಿದಳು. ಇದನ್ನು ಅವಳು ನನಗೂ ಹೇಳಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಮಾವನಿಗೆ ಒಂದಕ್ಷರ ಅರ್ಥವಾಗಲಿಲ್ಲ. ತನ್ನ ವಿಷಯ ಅಂತ ಮಾತ್ರ ಗೊತ್ತಾಗಿ, ಫೋಟೋಕ್ಕೆ ನಿಂತವರ ಹಾಗೆ ನೆಟ್ಟಗೆ ನಿಂತಿದ್ದರು.

ಎರಡು ದಿನಕ್ಕೆ ಮೇಲ್ ಬಂತು, ಹುಡುಗಿ ಪಾಸು. ಮಾವನಿಗೆ ಫೋನ್ ಮಾಡಿ ಹೇಳಿದೆ.

"ಭಾಳ ಸಂತೋಷ ಆತ್ರಿ ಮೇಡಂ" ಅಂದರು. ಆಮೇಲೆ ದನಿ ತಗ್ಗಿಸಿ, "ಮತ್ತೆ ನಂದೇನಾತ್ರಿ?"

೪. ಹನ್ನೊಂದು ರೂಪಾಯಿ

ಮುಂಗಡ ಫೀಸು ಮತ್ತು ಅಲ್ಲಿಯ ಊಟ ವಸತಿಯ ಖರ್ಚು ಮನೆಯವರೇ ಹೊಂದಿಸಬೇಕಿತ್ತು. ಆ ದುಡ್ಡು ಅಪ್ಪನ ಖಾತೆಯಲ್ಲಿ ಸುಮಾರು ಒಂದು ತಿಂಗಳು ಕದಲದೆ ಇರಬೇಕು ಅಂತ ನಿಯಮ. ನಡುವೆ ಕೈಹಾಕಿ ಕಡಿಮೆಯಾದರೆ ಲೆಕ್ಕ ಮತ್ತೆ ಮೊದಲಿನಿಂದ, ಅಷ್ಟರಲ್ಲಿ ಸೀಟಿನ ಗಡುವು ಮುಗಿದಿರುತ್ತದೆ.

ದುಡ್ಡೇನೋ ಹೊಂದಿತು. ಆದರೆ ಊರಲ್ಲಿ ಒಬ್ಬರ ಖಾತೆಯಲ್ಲಿ ದುಡ್ಡು ಸುಮ್ಮನೆ ಮಲಗಿದೆ ಅನ್ನುವ ಸುದ್ದಿ ಬೆಲ್ಲಕ್ಕಿಂತ ಸಿಹಿ. ಇರುವೆಗಳು ಬರತೊಡಗಿದವು. ಒಬ್ಬರಿಗೆ ಗೊಬ್ಬರಕ್ಕೆ, ಒಬ್ಬರಿಗೆ ಬೋರಿನ ಮೋಟರಿಗೆ. "ಸುಮ್ನೆ ಬಿದ್ದಿರೋ ದುಡ್ಡಲ್ವೇನಣ್ಣಾ, ನಾಲ್ಕು ದಿನದ ಮಟ್ಟಿಗೆ" ಅನ್ನುವುದು ಎಲ್ಲರ ಮಾತು. ಅಪ್ಪನ ನಾಲಿಗೆಗೆ ಇಲ್ಲ ಅನ್ನುವ ಶಬ್ದ ಬರುವುದಿಲ್ಲ. ಮಲೆಬೆನ್ನೂರಿನ ಒಬ್ಬ ನೆಂಟ ಟ್ರ್ಯಾಕ್ಟರಿನ ಮುಂಗಡಕ್ಕೆಂದು ಬರುತ್ತೇನೆ ಅಂತ ಹೇಳಿ ಕಳಿಸಿದಾಗ ಇನ್ನೇನು ಆಗಿಹೋಯಿತು ಅಂತ ಹುಡುಗಿ ಊಟ ಬಿಟ್ಟಳು.

ಅಜ್ಜಿ ಎದ್ದಳು. ಮಗನ ಪಾಸ್‌ಬುಕ್ಕು, ಚೆಕ್‌ಬುಕ್ಕು, ಎಟಿಎಂ ಕಾರ್ಡು ಮೂರನ್ನೂ ಹಳದಿ ಬಟ್ಟೆಯಲ್ಲಿಟ್ಟು, ಒಂದು ಹಿಡಿ ಅಕ್ಕಿ, ಒಂದು ಅಡಿಕೆ ಸೇರಿಸಿ ಗಂಟು ಕಟ್ಟಿದಳು. ಕುಂಕುಮ ಹಚ್ಚಿ ದೇವರ ಜಗುಲಿಯ ಮೇಲಿಟ್ಟು ಮುಂದೆ ದೀಪ ಹಚ್ಚಿದಳು. ನೆಂಟ ಬಂದು, ಚಹಾ ಕುಡಿದು, ವಿಷಯ ಎತ್ತಿದ. ಅಜ್ಜಿ ಜಗುಲಿ ಕಡೆ ಕೈ ತೋರಿಸಿದಳು.

"ಮುಡಿಪು ಕಟ್ಟೀನಪ್ಪ. ಅಲ್ಲೈತೆ ನೋಡು. ಬೇಕಾದ್ರೆ ನೀನೇ ಬಿಚ್ಕ."

ಹರಕೆಯ ಗಂಟಿಗೆ ಕೈ ಹಾಕುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಸಾಲ ಕೇಳಲು ಬಂದವನು ಕೈಮುಗಿದು, ಹನ್ನೊಂದು ರೂಪಾಯಿ ಕಾಣಿಕೆ ಇಟ್ಟು ಹೋದ.

೫. ಪ್ರಸಾದ

ತಿಂಗಳು ತುಂಬಿತು. ಇನ್ನುಳಿದದ್ದು ಮುಂಗಡ ಫೀಸು ಕಟ್ಟುವುದು. ಅದು ತಲುಪಿದರೆ ಯೂನಿವರ್ಸಿಟಿಯಿಂದ ಒಂದು ಪತ್ರ ಬರುತ್ತದೆ, ಆ ಪತ್ರವಿದ್ದರೆ ವೀಸಾಕ್ಕೆ ಅರ್ಜಿ. ಕಟ್ಟುವ ಕಡೆಯ ದಿನ ಬೆಳಿಗ್ಗೆ ಹುಡುಗಿಯ ಫೋನು. "ಮೇಡಂ, ಅಪ್ಪ ಗಂಟು ಬಿಚ್ಚಕ್ಕೆ ಒಲ್ಲೆ ಅಂತಾರೆ."

ನಾನು ಹರಿಹರದ ಬಸ್ಸು ಹತ್ತಿ, ಅಲ್ಲಿಂದ ಆಟೋ ಹಿಡಿದು ಗುತ್ತೂರಿಗೆ ಓಡಿದೆ. ಅಪ್ಪ ಜಗುಲಿಯ ಮುಂದೆ ಕೈಕಟ್ಟಿ ನಿಂತಿದ್ದರು.

"ಮುಡಿಪು ಅಂದ್ಮೇಲೆ ದೇವ್ರ ದುಡ್ಡಾತಲ್ರಿ ಮೇಡಂ. ಅದನ್ನ ಸ್ವಂತಕ್ಕೆ ಬಳಸಿದ ಮನಿ ಉದ್ಧಾರ ಆಗಿದ್ದು ನಾನಂತೂ ನೋಡಿಲ್ಲ. ಯಾವ ದೇವ್ರಿಗೆ ಕಟ್ಟ್ಯಾಳೋ, ಏನು ಬೇಡ್ಕಂಡಾಳೋ."

ಅಜ್ಜಿಯನ್ನೇ ಕೇಳೋಣ ಅಂದರೆ ಅವಳು ಮಲೆಬೆನ್ನೂರಿಗೆ ಮಗಳ ಮನೆಗೆ ಹೋಗಿದ್ದಾಳೆ. ಫೋನಿನಲ್ಲಿ ಅವಳಿಗೆ ಕಿವಿ ಕೇಳಿಸುವುದಿಲ್ಲ, ಆ ಮಗಳು ಫೋನ್ ಎತ್ತುತ್ತಿಲ್ಲ. ಮಧ್ಯಾಹ್ನದ ಬಸ್ಸಿಗೆ ಬರುತ್ತಾಳಂತೆ. ಗಂಟು ಬಿಚ್ಚುವುದೇ ಬೇಡ, ಬ್ಯಾಂಕಿಗೆ ಹೋಗಿ ಖಾತೆಯಿಂದ ನೇರವಾಗಿ ಕಳಿಸಿ ಅಂತ ಹೇಳಿನೋಡಿದೆ. "ಗಂಟು ಇಲ್ಲಿದ್ರೂ ದುಡ್ಡು ಅದೇ ಅಲ್ಲೇನ್ರಿ?" ಅಂದರು. ಹುಡುಗಿ ಅಜ್ಜಿ ಬರುವ ದಾರಿ ನೋಡುತ್ತಾ ಹೊಸಿಲ ಮೇಲೆ ಕೂತಿದ್ದಳು. ಸಿಟ್ಟು, ಸಂಕಟ ಎರಡೂ ಒಟ್ಟಿಗೆ ಬಂದು ನನಗೆ ಕೂಡಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

ಅಂತೂ ಅಜ್ಜಿ ಬಂದಳು. ಚೀಲ ಕೆಳಗಿಡುವ ಮೊದಲೇ ಅಪ್ಪ ಕೇಳಿದರು. "ಅವ್ವಾ, ಯಾವ ದೇವ್ರಿಗೆ ಮುಡಿಪು ಕಟ್ಟಿದಿ?"

"ದೇವ್ರಿಗಾ?" ಅಜ್ಜಿಗೆ ಆಶ್ಚರ್ಯವಾಯಿತು. "ದೇವ್ರಿಗೆ ಕಟ್ಟಿದ್ರೆ ಅವನು ವಾಪಸ್ ಕೊಡ್ತಾನೇನೋ? ಕೂಸಿನ ಯೂನಿವರ್ಸಿಟಿ ಐತಲ್ಲ, ಅದರ ಹೆಸರಿಗೆ ಕಟ್ಟೀನಿ. ಇನ್ನೂ ಒಪ್ಪಿಸಿಲ್ಲೇನು? ಹರಕಿ ಬಾಕಿ ಇಟ್ಕಂಡ್ರೆ ಒಳ್ಳೇದಾಗಲ್ಲ, ಎದ್ದೇಳು!"

ಅಪ್ಪ ಅಲ್ಲೇ ಗಲ್ಲ ಗಲ್ಲ ಬಡಿದುಕೊಂಡರು. ತಲೆಗೆ ನೀರು ಹಾಕಿಕೊಂಡು, ಒಗೆದ ಪಂಚೆ ಉಟ್ಟು, ಗಂಟನ್ನು ಎದೆಗೊತ್ತಿಕೊಂಡು ಬರಿಗಾಲಲ್ಲಿ ಆಟೋ ಹತ್ತಿದರು. ಹರಿಹರದ ಬ್ಯಾಂಕಿನ ಬಾಗಿಲು ಮುಚ್ಚುವ ಮೊದಲು ಮುಟ್ಟಿದೆವು. ಕೌಂಟರಿನ ಹುಡುಗ ಹಳದಿ ಗಂಟಿನಿಂದ ಅಕ್ಕಿ ಉದುರುವುದನ್ನು ನೋಡುತ್ತಾ, ದುಡ್ಡು ಯಾವ ಉದ್ದೇಶಕ್ಕೆ ಕಳಿಸುತ್ತಿದ್ದೀರಿ ಅಂತ ಕೇಳಿದ.

"ಹರಕಿ ತೀರಿಸಾಕ್ರಿ" ಅಂದರು ಅಪ್ಪ.

"ಫೀಸು ಅಂತ ಬರ್ಕೊಳ್ಳಪ್ಪ" ಅಂದೆ ನಾನು.

ದುಡ್ಡು ಹೋಯಿತು, ಪತ್ರ ಬಂತು, ಅದರ ಬೆನ್ನಿಗೆ ವೀಸಾನೂ ಆಯಿತು. ಹುಡುಗಿ ಈಗ ಇಂಗ್ಲೆಂಡಿನಲ್ಲಿ ಓದುತ್ತಿದ್ದಾಳೆ, ಸುಖವಾಗಿದ್ದಾಳೆ. ಆದರೆ ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಪತ್ರ ಬಂದ ದಿನ. ಪ್ರಿಂಟ್ ತೆಗೆದುಕೊಂಡು ನಾನೇ ಗುತ್ತೂರಿಗೆ ಹೋಗಿದ್ದೆ. ಹುಡುಗಿ ಅದನ್ನು ಅಜ್ಜಿಯ ಕೈಗೆ ಕೊಟ್ಟು ಕಾಲಿಗೆ ಬಿದ್ದಳು. ಅಜ್ಜಿ ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ತಿರುಗಿಸಿ ಹಿಂದೆ ನೋಡಿದಳು. ಆಮೇಲೆ ನನ್ನ ಕೈಚೀಲದೊಳಗೆ ಇಣುಕಿ ನೋಡಿದಳು.

"ಅಷ್ಟು ದೊಡ್ಡ ಮುಡಿಪು ಒಪ್ಪಿಸೀವಿ, ಬರೇ ಒಂದು ಕಾಗದ ಕಳಿಸೈತೇನವ್ವಾ? ಒಂದು ಬಾಳೆಹಣ್ಣು ಬ್ಯಾಡ, ಒಂದು ಚೂರು ಕೊಬ್ರಿ ಬ್ಯಾಡ? ಎಂಥಾ ಜಿಪುಣ ದೇವ್ರೇ ತಾಯಿ ಇದು!"