ಅಜ್ಜಿಯ ಮೂಗು ಮತ್ತು ಚಳಿ ಬೀಳದ ವರ್ಷದ ಅವರೆಕಾಯಿ

ಬೆಳೆಗೆ ಬೀಳುವ ಹುಳಗಳ ಬಗ್ಗೆ ಓದುವುದು, ಬರೆಯುವುದು ನನ್ನ ನೌಕರಿ. ಆದರೆ ಹೊಲದಲ್ಲಿ ಕಾಣುವ ಹುಳಕ್ಕಿಂತ ಬಸವನಗುಡಿಯ ನಮ್ಮ ಮನೆ ಬಾಗಿಲಿಗೆ ಬರುವ ಹುಳವೇ ಜಾಸ್ತಿ. ಮಳೆ, ಚಳಿ ಎಲ್ಲ ಹೊತ್ತು ತಪ್ಪಿದ ಮೇಲಂತೂ ಅವಕ್ಕೂ ಬಿಡುವಿಲ್ಲ, ನನಗೂ ಇಲ್ಲ. ಕಳೆದ ಚಳಿಗಾಲದ ಪ್ರಸಂಗಗಳಿಗೆಲ್ಲ ಮೂಲ ನಮ್ಮ ಕೆಳಮನೆಯ ಅಜ್ಜಿ. ಮನೆಯ ಓನರ್ ಅವರೇ. ಹಾಲು, ತುಪ್ಪ, ಸಾರಿನ ಪುಡಿ, ಯಾವುದೂ ಅವರ ಮೂಗಿನ ಅಪ್ಪಣೆಯಿಲ್ಲದೆ ಆ ಅಡುಗೆಮನೆಗೆ ಬರುವಂತಿರಲಿಲ್ಲ.

ಡಬ್ಬಿ

ಒಂದು ಬೆಳಿಗ್ಗೆ ಅಜ್ಜಿ ಸ್ಟೀಲ್ ಡಬ್ಬಿ ಕಳಿಸಿದರು. ಚಟ್ನಿಪುಡಿ ಇರಬೇಕೆಂದು ನಮ್ಮ ಯಜಮಾನರು ಇಡ್ಲಿ ಬಡಿಸಿಕೊಂಡು ಮುಚ್ಚಳ ತೆಗೆದರು. ಒಳಗಿದ್ದ ದಪ್ಪ ಹಸಿರು ಹುಳ ತಲೆಯೆತ್ತಿ ಅವರನ್ನೇ ನೋಡಿತು.

"ಅವರೆಕಾಯಿ ಬಿಡಿಸ್ವಾಗ ಸಿಕ್ತು. ಏನು ಹುಳ ಹೇಳೇ," ಎಂದು ಅಜ್ಜಿ ಕೆಳಗಿನಿಂದ ಕೂಗಿದರು.

"ಕಾಯಿಕೊರಕ ಅಜ್ಜಿ. ಚಳಿ ಕಮ್ಮಿಯಾಗಿ ಮೋಡ ಮುಚ್ಕೊಂಡ್ರೆ ಅದಕ್ಕೆ ಹಬ್ಬ," ಎಂದೆ.

ಪಕ್ಕದವರ ಪಾತ್ರೆಯನ್ನು ಖಾಲಿ ವಾಪಸ್ ಕೊಡಬಾರದಲ್ಲ! ಯಜಮಾನರು ಡಬ್ಬಿ ತೊಳೆದು, ನಾಲ್ಕು ಕೋಡುಬಳೆ ತುಂಬಿ ಕೊಟ್ಟುಬಂದರು. ಮಾರನೆಯ ದಿನ ಬೀದಿಯ ಬೇರೆ ಬೇರೆ ಮನೆಗಳಿಂದ ಮೂರು ಡಬ್ಬಿ ಬಂದವು. ಮೂರರಲ್ಲೂ ಹುಳ.

ನಿಂಬೆ ಗಿಡ

ಅಜ್ಜಿಯ ಕುಂಡದ ನಿಂಬೆ ಗಿಡಕ್ಕೂ ಹುಳ ಬಿತ್ತು. ಚಿಟ್ಟೆಯ ಮರಿಹುಳ, ಎಲೆಯನ್ನು ನರವೂ ಬಿಡದೆ ತಿನ್ನುವಂಥದ್ದು. ಚಳಿಗಾಲ ಬೆಚ್ಚಗಾದರೆ ಇವು ಸುಮ್ಮನಿರುವುದಿಲ್ಲ ಎಂದು ನಾನೇ ಹೇಳಿದ್ದೆ. ಜೀವ ತೆಗೆಯಲು ಅಜ್ಜಿಗೆ ಮನಸ್ಸಿಲ್ಲ. ದಿನಾ ಬೆಳಿಗ್ಗೆ ಹುಳಗಳನ್ನು ಮೆಲ್ಲಗೆ ಎತ್ತಿ, ಕಾಂಪೌಂಡಿನಾಚೆ ಪಕ್ಕದ ಮನೆಯವರ ಕರಿಬೇವಿನ ಮೇಲೆ ಬಿಡುತ್ತಿದ್ದರು. ಪಕ್ಕದ ಮನೆಯ ರಿಟೈರ್ಡ್ ಮ್ಯಾನೇಜರೂ ದಯಾವಂತರೇ. ಸಂಜೆ ಅವನ್ನೆಲ್ಲ ಆರಿಸಿ ನಿಂಬೆ ಗಿಡಕ್ಕೆ ಬಿಡುತ್ತಿದ್ದರು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಹುಳಗಳು ಮಾತ್ರ ಎರಡು ಮನೆಯ ಊಟ ಉಂಡು ಗುಂಡಗಾದವು.

ಒಂದು ವಾರ ಕಳೆದ ಮೇಲೆ ಅಜ್ಜಿ ಸುಸ್ತಾಗಿ ಹೇಳಿದರು, "ಎಷ್ಟು ಎತ್ತಿಹಾಕಿದ್ರೂ ಮುಗೀತಾನೇ ಇಲ್ಲ. ನೀನು ಹೇಳಿದ್ದು ನಿಜ ಕಣೇ, ಹವಾಮಾನ ಪೂರ್ತಿ ಕೆಟ್ಟೋಗಿದೆ!"

ಸಾಕ್ಷಿ

ಗಾಂಧಿಬಜಾರಿನಲ್ಲಿ ಅವರೆಕಾಯಿ ಮಾರುವವಳನ್ನು ಕೇಳಿದೆ, "ಏನಮ್ಮಾ, ಇಷ್ಟೊಂದು ಹುಳ?"

"ಔಷಧಿ ಹೊಡ್ದಿಲ್ಲ ಅನ್ನೋಕೆ ಅವೇ ಸಾಕ್ಷಿ ಮೇಡಂ."

ಕಾಯಿ ಮೂಸಿದೆ. ಕೈಗಂಟಿ ಸಂಜೆಯವರೆಗೂ ಬಿಡದ ಆ ಸೊಗಡು ಇಲ್ಲವೇ ಇಲ್ಲ. "ಘಮಾನೇ ಇಲ್ವಲ್ಲ?"

"ಇಬ್ಬನಿ ಬಿದ್ರೆ ತಾನೇ ಸೊಗಡು? ಚಳೀನ ನಾನೆಲ್ಲಿಂದ ತರ್ಲಿ? ಹುಳ ಬೇಕಾದ್ರೆ ಇನ್ನೆರಡು ಹಾಕ್ತೀನಿ!"

ಮೂಗು

ಅದೇ ಕಾಯಿ ಅಜ್ಜಿಯ ಮನೆಗೂ ಬಂದಿತ್ತು. ಅಜ್ಜಿ ಮೂಸಿದರು, ಮತ್ತೆ ಮೂಸಿದರು, ಮಂಕಾಗಿ ಕುಳಿತುಬಿಟ್ಟರು. "ನನ್ನ ಮೂಗು ಹೋಯ್ತು. ಇನ್ನು ಈ ಮನೇಲಿ ನನಗೇನು ಕೆಲ್ಸ?" ಅಂದವರು ಅಡುಗೆಮನೆಗೆ ಕಾಲಿಡುವುದನ್ನೇ ನಿಲ್ಲಿಸಿದರು.

ಸಮಾಧಾನ ಮಾಡಲು ಮಗ, ಸೊಸೆ ಇಬ್ಬರೂ ಕಾಯಿಗೆ ಮೂಗಿಟ್ಟು, "ಆಹಾ, ಏನು ಸೊಗಡಮ್ಮಾ! ನಿಮಗೂ ಬಂದೇ ಬರುತ್ತೆ" ಎಂದರು. ಅವರು ಹೊಗಳಿದಷ್ಟೂ ಅಜ್ಜಿ ಕುಗ್ಗಿದರು. ಕೊನೆಗೆ ನನ್ನನ್ನು ಕರೆಸಿದರು. ಹೌದು ಅನ್ನಿ ಎಂದು ಮಗ ಹಿಂದಿನಿಂದ ಕಣ್ಸನ್ನೆ ಮಾಡುತ್ತಿದ್ದ. ಅಜ್ಜಿ ಕಾಯಿ ಚಾಚಿದರು. "ನೀನಾದ್ರೂ ನಿಜ ಹೇಳೇ. ವಾಸನೆ ಇದ್ಯಾ?"

"ಇಲ್ಲ ಅಜ್ಜಿ. ಈ ಸಲ ಚಳೀನೇ ಬೀಳ್ಲಿಲ್ಲ, ಕಾಯಲ್ಲೇ ಸೊಗಡಿಲ್ಲ. ನಿಮ್ಮ ಮೂಗು ಚೆನ್ನಾಗಿದೆ."

"ಮತ್ತೆ ಇವರಿಬ್ರು?"

"ನಿಮ್ಮ ಮನಸ್ಸಿಗೆ ನೋವಾಗ್ಬಾರ್ದು ಅಂತ ಹಾಗಂದ್ರು."

ಅಜ್ಜಿಯ ಕಣ್ಣು ತುಂಬಿತು. ನನ್ನದೂ. ಮಗನನ್ನು ಹತ್ತಿರ ಕರೆದು ಕೆನ್ನೆ ಸವರಿದರು. ಸವರುತ್ತಿದ್ದ ಕೈ ತಟ್ಟನೆ ನಿಂತಿತು.

"ಹಾಗಾದ್ರೆ ನೀನು ತರ್ತಿರೋ ಕಾಫಿಪುಡಿ ಬರೀ ಚಿಕೋರಿ ವಾಸನೆ ಹೊಡೀತಿದೆ ಅಂದಾಗ, 'ನಿನ್ನ ಮೂಗು ಸರಿ ಇಲ್ಲಮ್ಮಾ' ಅಂದ್ಯಲ್ಲೋ?"

ಮಗ ಸ್ಕೂಟರ್ ಕೀ ತೆಗೆದುಕೊಂಡ. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಗೆ ಹೊರಟವರು, ಅಲ್ಲಿಂದಲೇ ಕೂಗಿದರು:

"ನಿಂತ್ಕೊಳೋ! ಪುಡಿ ತರೋಕೆ ನಾನೂ ಬರ್ತೀನಿ. ಅದಕ್ಕೆ ಮುಂಚೆ ಈ ತುಪ್ಪ ಯಾರು ತಂದಿದ್ದು ಹೇಳು!"