ಎರಡು ಮೆಟ್ಟಿಲು ಮೇಲೆ, ಎರಡು ಮೆಟ್ಟಿಲು ಕೆಳಗೆ

ನನ್ನ ಜೊತೆ ವಾದಕ್ಕೆ ನಿಂತು ಗೆದ್ದವರು ಕಡಿಮೆ. ನಾನು ಗೆದ್ದ ಮೇಲೂ ನನ್ನನ್ನು ಊಟಕ್ಕೆ ಕರೆದವರು ಇನ್ನೂ ಕಡಿಮೆ. ಮಂಗಳೂರಿನಲ್ಲಿ ಓದುವಾಗ ಒಂದೇ ವಿಷಯದ ಮೇಲೆ ಒಂದು ವಾರ ಪರವಾಗಿ, ಮುಂದಿನ ವಾರ ವಿರೋಧವಾಗಿ ಮಾತಾಡಿ ಎರಡು ಸಲವೂ ಕಪ್ ತಂದವಳು ನಾನು. ಆ ಚಟ ಬಿಟ್ಟಿಲ್ಲ. ಯಾರಾದರೂ "ಇವತ್ತು ಸೆಕೆ ಜಾಸ್ತಿ" ಎಂದರೂ "ಯಾವುದಕ್ಕೆ ಹೋಲಿಸಿದರೆ?" ಎಂದು ಕೇಳಿಬಿಡುತ್ತೇನೆ. ಬಹರೈನಿನ ಆಗಸ್ಟಿನಲ್ಲಿ ಇಂಥ ಪ್ರಶ್ನೆ ಕೇಳುವವಳ ಜೊತೆ ಯಾರು ತಾನೇ ಲಿಫ್ಟ್ ಹತ್ತುತ್ತಾರೆ?

ಆದರೂ ಗುದೈಬಿಯಾದ ನನ್ನ ಫ್ಲ್ಯಾಟಿನ ಬೆಲ್ಲಿಗೆ ಬಿಡುವಿಲ್ಲ. ಕಾರಣ, ನನಗೆ ಟ್ರ್ಯಾಕ್ ಮಾಡಲು ಬರುತ್ತದೆ. ಇಲ್ಲಿನ ನಮ್ಮ ಮಂಗಳೂರಿನವರ ಸಂಘದ ಕಾರ್ಯಕ್ರಮಗಳಲ್ಲಿ ಹಾಡುವುದೆಂದರೆ, ಮೂಲ ಹಾಡಿನಿಂದ ಗಾಯಕರ ದನಿ ತೆಗೆದು, ಉಳಿದ ವಾದ್ಯಗಳ ಮೇಲೆ ನಮ್ಮ ದನಿ ಕೂರಿಸುವುದು. ದನಿ ತೆಗೆಯುವ ಕೆಲಸ ನನ್ನ ಲ್ಯಾಪ್‌ಟಾಪಿನದು. ಅದಕ್ಕೂ ನನ್ನ ಹಾಗೇ ಅತಿ ಆತ್ಮವಿಶ್ವಾಸ. ಒಮ್ಮೆ ಪಿಟೀಲನ್ನೇ ಹೆಂಗಸಿನ ದನಿ ಎಂದು ತೀರ್ಮಾನಿಸಿ ಹಾಡಿನಿಂದ ಹೊರಗೆ ಹಾಕಿತ್ತು. ಇನ್ನೊಮ್ಮೆ ಮಕ್ಕಳ ನೃತ್ಯಕ್ಕೆಂದು ತಾಯಂದಿರು "ಇನ್ನೂ ಸ್ವಲ್ಪ ಫಾಸ್ಟ್, ಇನ್ನೂ ಸ್ವಲ್ಪ" ಎಂದು ವೇಗ ಏರಿಸಿಕೊಂಡರು. ವೇದಿಕೆಯ ಮೇಲೆ ಹಾಡು ಮುಗಿದಾಗ ಮಕ್ಕಳು ಇನ್ನೂ ಎರಡನೇ ಚರಣದಲ್ಲಿದ್ದರು.

ಇಷ್ಟೆಲ್ಲ ಪೀಠಿಕೆ ವಿಲ್ಲಿ ಅಂಕಲ್ ಮತ್ತು ಸೆವ್ರಿನ್ ಆಂಟಿಯ ವಿಷಯ ಹೇಳುವುದಕ್ಕಾಗಿ. ನಮ್ಮ ಮೇಲಿನ ಮಹಡಿಯ ದಂಪತಿ. ಅಂಕಲ್ ಹೋಟೆಲೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರ್, ಆಂಟಿ ಕ್ಲಿನಿಕ್ಕಿನಲ್ಲಿ ನರ್ಸ್. ಸಂಘದ ವಾರ್ಷಿಕೋತ್ಸವದಲ್ಲಿ ಅವರ ಯುಗಳಗೀತೆ ಇಲ್ಲದ ವರ್ಷವಿಲ್ಲ. ಆದರೆ ಕಳೆದ ವರ್ಷ ನಡುವೆಯೇ ಇಬ್ಬರ ದನಿಯೂ ಕೈಕೊಟ್ಟು, ಹಿಂದಿನ ಸಾಲಿನಲ್ಲಿ ಯಾರೋ ನಕ್ಕು, ಆಂಟಿ ಕಣ್ಣೊರೆಸಿಕೊಂಡು ಇಳಿದಿದ್ದರು. ಅಂಕಲ್‌ಗೆ ಈ ವರ್ಷ ನಿವೃತ್ತಿ. ವೀಸಾ ಮುಗಿಸಿ ಇಬ್ಬರೂ ಊರಿಗೆ. ಹಾಡುವುದಿದ್ದರೆ ಇದೇ ಕೊನೆಯ ಸಲ. ನಗು ಕೇಳಿಸಿಕೊಂಡು ವಿಮಾನ ಹತ್ತುವುದು ಇಬ್ಬರಿಗೂ ಬೇಡವಾಗಿತ್ತು.

ಮೊದಲು ಅಂಕಲ್ ಬಂದರು. ಅವರ ದನಿ ವಯಸ್ಸಾದಂತೆ ಪಾತಾಳಕ್ಕಿಳಿದಿದೆ. ಆದರೆ ಕೇಳಿದ್ದು, "ಸ್ಕೇಲ್ ಎರಡು ಮೇಲೆ ಹಾಕು ಮಾರಾಯ್ತಿ. ಆಂಟಿಗೆ ಹೇಳ್ಬೇಡ."

"ಅಂಕಲ್, ನಿಮಗೆ ಅಷ್ಟು ಮೇಲೆ ಹೋಗುವುದಿಲ್ಲ."

"ನೀನು ಹಾಕು ಅಂದ್ರೆ ಹಾಕು. ಎಲ್ಲದಕ್ಕೂ ಕೋರ್ಟು ಮಾಡ್ಬೇಡ."

ಮರುದಿನ ಆಂಟಿ ಡ್ಯೂಟಿ ಮುಗಿಸಿ, ಒಂದು ಡಬ್ಬಿ ನೀರ್ ದೋಸೆ ಹಿಡಿದು ಬಂದರು. ಅವರದು ತಾರಸ್ಥಾಯಿಯ ದನಿ. "ಎರಡು ಸ್ಕೇಲ್ ಇಳಿಸ್ತೀಯಾ ಪುಟ್ಟಾ? ಅಂಕಲ್‌ಗೆ ಗೊತ್ತಾಗ್ಬಾರ್ದು."

ನಾನು ತರ್ಕಕ್ಕೆ ಕುಳಿತೆ. ಗಂಡಸಿಗೆ ಇನ್ನೂ ಹರೆಯದ ಗಂಟಲು ಇದೆಯೆಂದು ತೋರಿಸುವ ಹಟ; ಹೆಂಗಸಿಗೆ ಕಳೆದ ವರ್ಷದ ಹೆದರಿಕೆ. ಸಾಕ್ಷ್ಯ ಸ್ಪಷ್ಟ, ತೀರ್ಪೂ ಸಿದ್ಧ. ಹಾಡನ್ನು ಕತ್ತರಿಸಿ ಅಂಕಲ್‌ನ ಚರಣಗಳ ಶ್ರುತಿಯನ್ನು ಎರಡು ಮೆಟ್ಟಿಲು ಏರಿಸಿದೆ, ಆಂಟಿಯ ಚರಣಗಳದ್ದನ್ನು ಎರಡು ಮೆಟ್ಟಿಲು ಇಳಿಸಿದೆ. ಅಭ್ಯಾಸಕ್ಕೆಂದು ಅವರಿಗೆ ಪೂರ್ತಿ ಏರಿಸಿದ್ದು, ಇವರಿಗೆ ಪೂರ್ತಿ ಇಳಿಸಿದ್ದು ಬೇರೆ ಬೇರೆ ಕಳುಹಿಸಿದೆ. ಇಬ್ಬರ ಶಿಫ್ಟೂ ಕೂಡಿಬರದ ಕಾರಣ ಒಟ್ಟಿಗೆ ಅಭ್ಯಾಸವೇ ನಡೆಯಲಿಲ್ಲ. ಕೇಳಿದವರಿಗೆ ಕೇಳಿದ್ದನ್ನು ಕೊಟ್ಟ ನನ್ನ ನ್ಯಾಯಕ್ಕೆ ನಾನೇ ತಲೆದೂಗಿದೆ.

ಶುಕ್ರವಾರ, ಮನಾಮಾದ ಸಭಾಂಗಣ, ಭರ್ತಿ ಜನ. ಅಂಕಲ್ ಕೋಟು ತೊಟ್ಟು ಮೊದಲ ಸಾಲು ಎತ್ತಿಕೊಂಡರು. ಕತ್ತಿನ ನರಗಳೆಲ್ಲ ಹೊರಗೆ ಬಂದವು. ದನಿ ಮಾತ್ರ ಬರಲಿಲ್ಲ. ನಂತರ ಟ್ರ್ಯಾಕ್ ಧೊಪ್ಪೆಂದು ಕೆಳಗಿಳಿಯಿತು, ಆಂಟಿ ಬಾವಿಯೊಳಗಿಂದ ಕೂಗುವವರ ಹಾಗೆ ಹಾಡತೊಡಗಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸ್ಪೀಕರ್ ಪೆಟ್ಟಿಗೆಯ ಪಕ್ಕ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ ನಾನು ಅದರ ಮರೆಗೆ ಸರಿದೆ.

ಅಂಕಲ್ ಹೆಂಡತಿಯ ಕಡೆ ತಿರುಗಿದರು. ಮೈಕು ಬಾಯಿಯ ಹತ್ತಿರವೇ ಇತ್ತು. ಜಗಳ ಕೊಂಕಣಿಯಲ್ಲಿ ನಡೆಯಿತು, ಅನುವಾದ ನನ್ನದು:

"ಇಷ್ಟು ಕೆಳಗೆ ಯಾಕೆ ಹಾಡ್ತಿ? ನಿನಗಂತ ನಾನು ಏರಿಸ್ಲಿಕ್ಕೆ ಹೇಳಿದ್ದೆನಲ್ಲ!"

"ನೀನು ಏರಿಸ್ಲಿಕ್ಕೆ ಹೇಳಿದ್ದಾ? ನಿನ್ನ ಗಂಟಲಿಗಂತ ನಾನು ಇಳಿಸ್ಲಿಕ್ಕೆ ಹೇಳಿದ್ದು!"

"ನನ್ನ ಗಂಟಲಿಗೆ ಏನಾಗಿದೆ?"

"ಏನಾಗಿದೆ ಅಂತ ಈಗ ಬಹರೈನಿಗೆಲ್ಲ ಕೇಳ್ಸಿತಲ್ಲ!"

ಸಭೆ ಹೋ ಎಂದು ನಕ್ಕಿತು. ಆದರೆ ಎಲ್ಲರಿಗಿಂತ ಮೊದಲು ನಕ್ಕಿದ್ದು ಆಂಟಿ. ಹಾಗಾಗಿ ಅದು ಕಳೆದ ವರ್ಷದ ನಗುವಾಗಿರಲಿಲ್ಲ. ಅಂಕಲ್ ನನ್ನತ್ತ ಕೈಬೀಸಿದರು: "ಅದನ್ನು ಬಂದ್ ಮಾಡು ಮಾರಾಯ್ತಿ!"

ಬಂದ್ ಮಾಡಿದೆ. ಅಂಕಲ್ ತಮಗೆ ಎಟುಕಿದ ಕಡೆಯಿಂದ ಹಾಡಿದರು. ಆಂಟಿ ತಮಗೆ ಹಿತವಾದಲ್ಲಿಗೆ ಒಯ್ದರು. ಇಬ್ಬರ ನಡುವೆ ಶ್ರುತಿ ಬದಲಾಗುವಾಗ ಅಂಕಲ್ ಒಂದು ಕ್ಷಣ ಸುಮ್ಮನಿದ್ದು ದಾರಿ ಬಿಟ್ಟರು, ಅಷ್ಟೇ. ಉಸಿರು ಬೇಕಾದಲ್ಲಿ ನಿಧಾನ, ಮರೆತ ಸಾಲಿನಲ್ಲಿ ಇನ್ನೂ ನಿಧಾನ. ಜನ ಚಪ್ಪಾಳೆಯಲ್ಲೇ ತಾಳ ಹಾಕಿದರು. ಮುಗಿದಾಗ ಹಿಂದಿನ ಸಾಲಿನವರೂ ಎದ್ದು ನಿಂತಿದ್ದರು. ಆಂಟಿ ಅಂಕಲ್‌ನ ಕೋಟಿನ ತೋಳು ಹಿಡಿದುಕೊಂಡೇ ಇಳಿದರು. ಕಣ್ಣು ಈ ಸಲವೂ ಒದ್ದೆಯಾಗಿತ್ತು, ಒರೆಸಿಕೊಳ್ಳುವ ಗಡಿಬಿಡಿ ಇರಲಿಲ್ಲ.

ಆಮೇಲೆ ಸಂಘದ ಕಾರ್ಯದರ್ಶಿ ನನ್ನ ಕೈ ಕುಲುಕಿದರು. ಬಿರಿಯಾನಿ ಇಳಿಸಲು ಹೊರಗೆ ಹೋಗಿದ್ದ ಅವರು ಒಳಗೆ ಬಂದದ್ದು ಕೊನೆಯ ಚರಣಕ್ಕೆ. "ಎಂಥ ಟ್ರ್ಯಾಕ್ ಮಾರಾಯ್ತಿ ನಿನ್ನದು! ಮ್ಯೂಸಿಕ್ ಉಂಟು ಅಂತಲೇ ಗೊತ್ತಾಗ್ಲಿಲ್ಲ. ಬರೀ ಅವರಿಬ್ಬರ ದನಿಯೇ ಕೇಳ್ತಿತ್ತು."

ಮ್ಯೂಸಿಕ್ ಇರಲೇ ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಅವರ ವಾದವನ್ನು ಒಂದೇ ವಾಕ್ಯದಲ್ಲಿ ಮುರಿಯಬಹುದಿತ್ತು. ಸಾಕ್ಷಿಗೆ ಸಭಾಂಗಣವೇ ಇತ್ತು.

"ಥ್ಯಾಂಕ್ಸ್ ಸರ್," ಎಂದೆ. "ಮೂರು ವಾರ ಕೂತಿದ್ದೇನೆ ಅದಕ್ಕೆ."